ಐದನೆಯ ಹೆನ್ರಿ: ಯುದ್ಧವೀರ, ಭಕ್ತ, ಅರಸ

ಇಂಗ್ಲೆಂಡಿನ ಅರಸರಲ್ಲಿ ಯುದ್ಧವೀರರೆಂದು ಹೆಸರಾದವರು ಹಲವರು. ಸಿಂಹಹೃದಯಿ ಎನಿಸಿಕೊಂಡ ರಿಚರ್ಡ್, ವೇಲ್ಸನ್ನು ಗೆದ್ದ ಒಂದನೆಯ ಎಡ್ವರ್ಡ್, ಫ್ರಾನ್ಸಿನ ಮೇಲೆ ನೂರು ವರ್ಷಗಳ ಯುದ್ಧಕ್ಕೆ ನಾಂದಿ ಹಾಡಿದ ಮೂರನೆಯ ಎಡ್ವರ್ಡ್ ಹೀಗೆ. ಆದರೆ ಕೇವಲ ಒಂಬತ್ತೂವರೆ ವರ್ಷ ಆಳಿ, ಮೂವತ್ತೈದರ ಆಸುಪಾಸಿನಲ್ಲಿಯೇ ಕಣ್ಣುಮುಚ್ಚಿ, ಆರು ಶತಮಾನಗಳು ಕಳೆದರೂ ಜನರ ನೆನಪಿನಲ್ಲಿ ಉಳಿದವನು ಐದನೆಯ ಹೆನ್ರಿ. ಕಾಲೇಜಿನಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನು ಓದಿದವರಿಗೆ ಅವನ ಪರಿಚಯ ಇದ್ದೇ ಇದೆ. ನಾಟಕದ ಹೆನ್ರಿ ಪೋಲಿ ಗೆಳೆಯರ ಸಹವಾಸ ಬಿಟ್ಟು ಒಳ್ಳೆಯವನಾದ ರಾಜಕುಮಾರ, ಮಾತಿನ ಮಲ್ಲ, ನಗುಮುಖದ ವೀರ. ಇತಿಹಾಸದ ಹೆನ್ರಿ ಅದಕ್ಕಿಂತ ಗಂಭೀರ. ಹೆಚ್ಚು ಭಕ್ತ. ಹೆಚ್ಚು ಕಠೋರ ಕೂಡ. ಮಠಗಳನ್ನು ಕಟ್ಟಿಸಿದ ಕೈಯೇ ಊರುಗಳನ್ನು ಹಸಿವಿನಿಂದ ಸಾಯಿಸಿತು. ಈ ಎರಡನ್ನೂ ಅವನು ದೇವರ ಹೆಸರಿನಲ್ಲಿಯೇ ಮಾಡಿದನೆಂಬುದು ನಮ್ಮನ್ನು ಇಂದಿಗೂ ಕಾಡುವ ಸಂಗತಿ.

ಹೆನ್ರಿ ಹುಟ್ಟಿದ್ದು 1386ರ ಸುಮಾರಿಗೆ, ವೇಲ್ಸಿನ ಗಡಿಯಲ್ಲಿರುವ ಮನ್ಮತ್ ಕೋಟೆಯಲ್ಲಿ. ಅವನು ಹುಟ್ಟಿದಾಗ ಅರಸನಾಗುವನೆಂದು ಯಾರೂ ಎಣಿಸಿರಲಿಲ್ಲ. ಹುಟ್ಟಿದ ದಿನವನ್ನು ಸಹ ಯಾರೂ ಸರಿಯಾಗಿ ಬರೆದಿಡಲಿಲ್ಲ. ತಾಯಿ ಮೇರಿ ಡಿ ಬೋಹುನ್ 1394ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಮಗನಿಗೆ ಆಗ ಏಳೋ ಎಂಟೋ ವರ್ಷ. 1398ರಲ್ಲಿ ತಂದೆ ಬಾಲಿಂಗ್‌ಬ್ರೋಕ್‌ನನ್ನು ಅರಸ ಎರಡನೆಯ ರಿಚರ್ಡ್ ದೇಶದಿಂದ ಹೊರಹಾಕಿದ. ಬಾಲಕ ಹೆನ್ರಿಯನ್ನು ತನ್ನ ಬಳಿಯೇ ಇರಿಸಿಕೊಂಡ. ಒಂದು ರೀತಿಯಲ್ಲಿ ಒತ್ತೆಯಾಳು. ಆದರೆ ರಿಚರ್ಡ್ ಅವನನ್ನು ಪ್ರೀತಿಯಿಂದಲೇ ನೋಡಿಕೊಂಡ, 1399ರಲ್ಲಿ ಐರ್ಲೆಂಡಿಗೆ ಕರೆದೊಯ್ದು ನೈಟ್ ಪದವಿಯನ್ನೂ ಕೊಟ್ಟ. ಅದೇ ವರ್ಷ ತಂದೆ ಸೈನ್ಯದೊಂದಿಗೆ ಮರಳಿ ಬಂದು ರಿಚರ್ಡ್‌ನನ್ನು ಇಳಿಸಿ, ನಾಲ್ಕನೆಯ ಹೆನ್ರಿಯಾಗಿ ತಾನೇ ಸಿಂಹಾಸನವೇರಿದ. ರಿಚರ್ಡ್ ಕೆಲವೇ ತಿಂಗಳಲ್ಲಿ ಸೆರೆಮನೆಯಲ್ಲಿ ಸತ್ತ. ಉಪವಾಸ ಕೆಡವಿ ಕೊಂದರೆಂಬ ಮಾತು ಅಂದಿನಿಂದಲೂ ಇದೆ. ತನ್ನನ್ನು ಮಗನಂತೆ ಕಂಡವನನ್ನು ಹೆತ್ತ ತಂದೆಯೇ ಕಳೆದ ಕಥೆಯಿದು. ಹದಿಮೂರರ ಹುಡುಗನ ಮನಸ್ಸಿನಲ್ಲಿ ಅದು ಏನು ಮಾಡಿತೋ ದೇವರೇ ಬಲ್ಲ.

ಹದಿನಾರನೆಯ ವಯಸ್ಸಿನಲ್ಲಿ ಅವನು ಸಾವಿನ ಬಾಗಿಲು ತಟ್ಟಿ ಬಂದ. 1403ರ ಜುಲೈ 21ರಂದು ಶ್ರೂಸ್‌ಬರಿಯಲ್ಲಿ ಬಂಡಾಯಗಾರರ ವಿರುದ್ಧ ನಡೆದ ಕಾಳಗದಲ್ಲಿ ಒಂದು ಬಾಣ ಅವನ ಮುಖಕ್ಕೆ, ಮೂಗಿನ ಪಕ್ಕದಲ್ಲಿ ನಾಟಿತು. ಕಡ್ಡಿಯನ್ನು ಎಳೆದಾಗ ಅದು ಕಳಚಿ ಬಂತು; ಬಾಣದ ಮೊನೆ ಆರು ಅಂಗುಲ ಆಳದಲ್ಲಿ ತಲೆಬುರುಡೆಯ ಹಿಂಭಾಗದ ಮೂಳೆಯಲ್ಲಿ ಉಳಿಯಿತು. ಜಾನ್ ಬ್ರಾಡ್‌ಮೋರ್ ಎಂಬ ಶಸ್ತ್ರವೈದ್ಯ ಮುಂದೆ ಬಂದ. ಅವನು ಬಟ್ಟೆ ಸುತ್ತಿದ ಸಣ್ಣ ಕಡ್ಡಿಗಳನ್ನು ಜೇನಿನಲ್ಲಿ ಅದ್ದಿ ಗಾಯದ ಬಾಯಿಯನ್ನು ಮೆಲ್ಲಮೆಲ್ಲನೆ ಅಗಲಿಸಿದ. ಇಕ್ಕಳದಂಥ ಒಂದು ಸಲಕರಣೆಯನ್ನು ತಾನೇ ಯೋಚಿಸಿ ಮಾಡಿಸಿ, ನಡುವೆ ತಿರುಪು ಇಟ್ಟು, ಮೊನೆಯ ಟೊಳ್ಳಿನೊಳಗೆ ಬಿಗಿ ಮಾಡಿ ಅಲುಗಾಡಿಸುತ್ತ ಹೊರತೆಗೆದ. ಬಳಿಕ ಸುಮಾರು ಇಪ್ಪತ್ತು ದಿನ ದ್ರಾಕ್ಷಾರಸದಿಂದ ತೊಳೆದು, ಜೇನು ಸೇರಿದ ಲೇಪ ಹಚ್ಚಿ ಗಾಯವನ್ನು ಒಣಗಿಸಿದ. ಮರಗಟ್ಟಿಸುವ ಚುಚ್ಚುಮದ್ದು ಇಲ್ಲದ ಕಾಲ ಅದು. ಬ್ರಾಡ್‌ಮೋರ್ ಇದನ್ನೆಲ್ಲ ತನ್ನ ವೈದ್ಯಗ್ರಂಥದಲ್ಲಿ ಬರೆದಿಟ್ಟದ್ದರಿಂದ ನಮಗೆ ಗೊತ್ತಾಗಿದೆ. ದೇವರು ತನ್ನನ್ನು ಯಾವುದೋ ಕಾರ್ಯಕ್ಕಾಗಿ ಉಳಿಸಿದ್ದಾನೆಂಬ ದೃಢ ನಂಬಿಕೆ ಹೆನ್ರಿಯಲ್ಲಿ ಕಡೆತನಕ ಕಾಣುತ್ತದೆ. ಅದರ ಬೇರು ಈ ಗಾಯದಲ್ಲಿಯೇ ಇದ್ದೀತು ಎಂದು ನನ್ನ ಅನಿಸಿಕೆ.

ತಂದೆ ಬಹುಕಾಲ ರೋಗದಿಂದ ನರಳಿ 1413ರ ಮಾರ್ಚ್ 20ರಂದು ತೀರಿಕೊಂಡ. ಪವಿತ್ರ ನಾಡಿಗೆ ಹೋಗಿ ಜೆರುಸಲೇಮಿನಲ್ಲಿ ಸಾಯಬೇಕೆಂದು ಆಸೆಪಟ್ಟಿದ್ದ ಆ ಅರಸ ಪ್ರಾಣಬಿಟ್ಟದ್ದು ವೆಸ್ಟ್‌ಮಿನ್‌ಸ್ಟರ್ ಮಠದ ಒಂದು ಕೋಣೆಯಲ್ಲಿ. ಆ ಕೋಣೆಯ ಹೆಸರು ಜೆರುಸಲೇಮ್! ಏಪ್ರಿಲ್ 9ರಂದು ಮಗನಿಗೆ ಪಟ್ಟಾಭಿಷೇಕವಾಯಿತು. ಏಪ್ರಿಲ್ ತಿಂಗಳಾದರೂ ಅಂದು ಹಿಮದ ಬಿರುಗಾಳಿ ಬೀಸಿತು. ಕೆಲವರು ಅದನ್ನು ಶುಭಶಕುನವೆಂದರು, ಕೆಲವರು ಅಪಶಕುನವೆಂದರು.

ಹೊಸ ಅರಸ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ರಿಚರ್ಡ್‌ನ ದೇಹವನ್ನು ದೂರದ ಹಳ್ಳಿಯ ಸಮಾಧಿಯಿಂದ ತರಿಸಿ, ಅರಸನಿಗೆ ತಕ್ಕ ಮರ್ಯಾದೆಯೊಂದಿಗೆ ವೆಸ್ಟ್‌ಮಿನ್‌ಸ್ಟರಿನಲ್ಲಿ ಹೂಳಿಸಿದ್ದು. ತಂದೆಯ ತಪ್ಪಿಗೆ ಮಗ ಮಾಡಿದ ಪ್ರಾಯಶ್ಚಿತ್ತವೆಂದು ಅದನ್ನು ನೋಡಬಹುದು. ಮತ್ತೊಂದು, ಥೇಮ್ಸ್ ನದಿಯ ದಂಡೆಗಳಲ್ಲಿ ಮಠಗಳನ್ನು ಕಟ್ಟಿಸಿದ್ದು. 1414ರಲ್ಲಿ ಶೀನ್‌ನಲ್ಲಿ ಕಾರ್ಥೂಸಿಯನ್ ಸಂನ್ಯಾಸಿಗಳಿಗೆ, 1415ರಲ್ಲಿ ಸೈಯನ್ ಎಂಬಲ್ಲಿ ಸ್ವೀಡನ್ನಿನ ಸಂತ ಬ್ರಿಜಿತರ ಸಭೆಯ ಧರ್ಮಭಗಿನಿಯರಿಗೆ. ಅರಸನಿಗಾಗಿ, ಅವನ ಮನೆತನಕ್ಕಾಗಿ ಹಗಲಿರುಳು ಪ್ರಾರ್ಥನೆ ನಡೆಯುತ್ತಲೇ ಇರಬೇಕೆಂಬುದು ಉದ್ದೇಶ. ಸೈಯನ್ ಮಠದ ಮಾತು ಮುಂದೆ ಮತ್ತೆ ಬರಲಿದೆ.

ಅಂದಿನ ಇಂಗ್ಲೆಂಡಿನಲ್ಲಿ ಜಾನ್ ವಿಕ್ಲಿಫ್‌ನ ಬೋಧನೆಯನ್ನು ಹಿಡಿದ ಲೋಲಾರ್ಡರು ಎಂಬ ಗುಂಪೊಂದಿತ್ತು. ಪರಮ ಪ್ರಸಾದದ ಕುರಿತ ಧರ್ಮಸಭೆಯ ಬೋಧನೆಯನ್ನು ಅವರು ಒಪ್ಪುತ್ತಿರಲಿಲ್ಲ. ಹೆನ್ರಿ ರಾಜಕುಮಾರನಾಗಿದ್ದಾಗಲೇ, 1410ರಲ್ಲಿ, ಜಾನ್ ಬ್ಯಾಡ್ಬಿ ಎಂಬ ಕುಶಲಕರ್ಮಿಯನ್ನು ಇದಕ್ಕಾಗಿ ಲಂಡನ್ನಿನಲ್ಲಿ ಸುಡಲಾಯಿತು. ಬೆಂಕಿ ತಗುಲಿ ಆ ಮನುಷ್ಯ ಚೀರಿದಾಗ ಹೆನ್ರಿ ಬೆಂಕಿಯನ್ನು ಸರಿಸಲು ಹೇಳಿ, ಮಾತು ಬದಲಿಸಿದರೆ ಜೀವದಾನವನ್ನೂ ಜೀವನಪರ್ಯಂತ ಪಿಂಚಣಿಯನ್ನೂ ಕೊಡುವುದಾಗಿ ಹೇಳಿದ. ಅರೆಬೆಂದ ಬ್ಯಾಡ್ಬಿ ಒಪ್ಪಲಿಲ್ಲ. ಅವನನ್ನು ಮತ್ತೆ ಬೆಂಕಿಗೆ ಹಾಕಿದರು. ವೇಲ್ಸಿನ ಯುದ್ಧಗಳಲ್ಲಿ ತನ್ನೊಡನೆ ಹೋರಾಡಿದ ಗೆಳೆಯ ಸರ್ ಜಾನ್ ಓಲ್ಡ್‌ಕ್ಯಾಸಲ್‌ನ ವಿಷಯದಲ್ಲಿಯೂ ಹೆನ್ರಿ ಮೊದಲು ತಾಳ್ಮೆಯಿಂದಲೇ ಬುದ್ಧಿ ಹೇಳಿದ. ಆ ಗೆಳೆಯ ಸೆರೆಮನೆಯಿಂದ ತಪ್ಪಿಸಿಕೊಂಡು 1414ರ ಜನವರಿಯಲ್ಲಿ ಅರಸನ ವಿರುದ್ಧ ಬಂಡಾಯ ಹೂಡಿದ. 1417ರ ಡಿಸೆಂಬರಿನಲ್ಲಿ ಸಿಕ್ಕಿಬಿದ್ದು ಗಲ್ಲಿಗೇರಿದ, ಗಲ್ಲಿನ ಕೆಳಗೆ ಬೆಂಕಿಯನ್ನೂ ಹಚ್ಚಲಾಯಿತು. ಇವೆಲ್ಲ ಧರ್ಮರಕ್ಷಣೆಯೆಂದು ಅಂದು ಎಲ್ಲರೂ ಭಾವಿಸಿದ್ದರು. ಇದೇ ಕಾಲದಲ್ಲಿ ಕಾನ್‌ಸ್ಟನ್ಸ್ ಮಹಾಸಭೆಯ ತೀರ್ಪಿನಂತೆ 1415ರಲ್ಲಿ ಸುಡಲ್ಪಟ್ಟ ಯಾನ್ ಹುಸ್‌ನ ಕ್ರೂರ ಮರಣಕ್ಕಾಗಿ ಪೋಪ್ ಎರಡನೆಯ ಜಾನ್ ಪಾಲರು 1999ರಲ್ಲಿ ಆಳವಾದ ವಿಷಾದ ವ್ಯಕ್ತಪಡಿಸಿದರು. ಅಷ್ಟು ದೂರ ಬರಲು ನಮಗೆ ಆರುನೂರು ವರ್ಷಗಳೇ ಹಿಡಿದವು.

ಇನ್ನು ಫ್ರಾನ್ಸ್. ಮುತ್ತಜ್ಜ ಮೂರನೆಯ ಎಡ್ವರ್ಡ್‌ನ ತಾಯಿ ಫ್ರಾನ್ಸಿನ ರಾಜಕುಮಾರಿ. ಆ ಎಳೆ ಹಿಡಿದು ಫ್ರಾನ್ಸಿನ ಸಿಂಹಾಸನ ತನ್ನದೆಂದು ಹೆನ್ರಿ ವಾದಿಸಿದ. ಅಲ್ಲಿ ಆರನೆಯ ಚಾರ್ಲ್ಸ್ ಅರಸನಾಗಿದ್ದ. ಪಾಪ, ಅವನಿಗೆ ಆಗಾಗ್ಗೆ ಬುದ್ಧಿಭ್ರಮಣೆಯಾಗುತ್ತಿತ್ತು. ರಾಜಮನೆತನದ ಬಣಗಳು ಪರಸ್ಪರ ಕತ್ತು ಹಿಸುಕುತ್ತಿದ್ದವು. 1415ರ ಆಗಸ್ಟಿನಲ್ಲಿ ಹೆನ್ರಿ ಹಡಗು ಹತ್ತಿದ. ಹೊರಡುವ ಮುನ್ನವೇ ಒಳಸಂಚೊಂದು ಬಯಲಾಗಿ, ಆಪ್ತನಾಗಿದ್ದ ಲಾರ್ಡ್ ಸ್ಕ್ರೂಪ್ ಸೇರಿದಂತೆ ಮೂವರ ತಲೆ ಉರುಳಿತು. ನಾರ್ಮಂಡಿಯಲ್ಲಿ ಇಳಿದ ಕೂಡಲೇ ಹೆನ್ರಿ ಹೊರಡಿಸಿದ ಆಜ್ಞೆಯನ್ನು ಮೆಚ್ಚಲೇಬೇಕು. ಚರ್ಚುಗಳನ್ನು ಮುಟ್ಟಬಾರದು, ಗುರುಗಳಿಗೂ ಸ್ತ್ರೀಯರಿಗೂ ಕೇಡು ಮಾಡಬಾರದು. ಮುಂದೆ ದಾರಿಯಲ್ಲಿ ಒಬ್ಬ ಸೈನಿಕ ಚರ್ಚೊಂದರಿಂದ ಪರಮ ಪ್ರಸಾದದ ಪುಟ್ಟ ಪಾತ್ರೆಯನ್ನು ಚಿನ್ನದ್ದೆಂದು ತಿಳಿದು ಕದ್ದಾಗ, ಅವನನ್ನು ಸೈನ್ಯದ ಕಣ್ಣೆದುರಿಗೇ ಗಲ್ಲಿಗೇರಿಸಿದ.

ಹಾರ್ಫ್ಲರ್ ಬಂದರನ್ನು ಹಿಡಿಯಲು ಐದು ವಾರ ಬೇಕಾಯಿತು. ಅಷ್ಟರಲ್ಲಿ ರಕ್ತಭೇದಿ ಪಾಳೆಯದಲ್ಲೆಲ್ಲ ಹಬ್ಬಿತು. ಅರಸನ ಆತ್ಮೀಯ ಗೆಳೆಯ, ನಾರಿಚ್‌ನ ಧರ್ಮಾಧ್ಯಕ್ಷ ರಿಚರ್ಡ್ ಕೋರ್ಟ್ನಿ ಅದಕ್ಕೇ ಬಲಿಯಾದರು. ಬುದ್ಧಿವಂತರು ಊರಿಗೆ ಮರಳೋಣವೆಂದರು. ಹೆನ್ರಿ ಕೇಳಲಿಲ್ಲ. ಉಳಿದ ಸೈನ್ಯವನ್ನು ಕರೆದುಕೊಂಡು ಕಾಲೇ ಬಂದರಿನತ್ತ ನಡೆದ. ಸೋಮ್ ನದಿಯ ದಾಟುಗಳನ್ನು ಫ್ರೆಂಚರು ಕಾದಿದ್ದರು. ಸುತ್ತಿ ಬಳಸಿ ಹೋಗಬೇಕಾಯಿತು. ಎರಡೂವರೆ ವಾರ ಮಳೆಯಲ್ಲಿ ನಡೆದು, ಹಸಿದು, ಭೇದಿಯಿಂದ ಸೊರಗಿದ ಆ ಜನರ ದಾರಿಗೆ ಅಜಿನ್‌ಕೋರ್ಟ್ ಎಂಬ ಹಳ್ಳಿಯ ಬಳಿ ಫ್ರಾನ್ಸಿನ ಮಹಾಸೈನ್ಯ ಅಡ್ಡ ನಿಂತಿತು.

1415ರ ಅಕ್ಟೋಬರ್ 25, ಸಂತ ಕ್ರಿಸ್ಪಿನ್ ಮತ್ತು ಸಂತ ಕ್ರಿಸ್ಪಿನಿಯನ್ನರ ಹಬ್ಬ. ಚಮ್ಮಾರರ ಪಾಲಕ ಸಂತರಿವರು, ಫ್ರಾನ್ಸಿನ ಸ್ವಾಸೋನ್ ಪಟ್ಟಣದಲ್ಲಿ ಪೂಜಿತರು. ಬೆಳಿಗ್ಗೆ ಹೆನ್ರಿ ಬಲಿಪೂಜೆಯಲ್ಲಿ ಭಾಗಿಯಾಗಿ, ನಂತರ ಕಿರೀಟವಿದ್ದ ಶಿರಸ್ತ್ರಾಣ ಧರಿಸಿದ. ಅವನ ಸೈನ್ಯ ಆರರಿಂದ ಒಂಬತ್ತು ಸಾವಿರ, ಬಹುಪಾಲು ಬಿಲ್ಲುಗಾರರು. ಫ್ರೆಂಚರು ಎಷ್ಟಿದ್ದರೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ, ಹೆಚ್ಚಿದ್ದರೆಂಬುದರಲ್ಲಿ ವಾದವಿಲ್ಲ. ಆದರೆ ಎರಡು ಕಡೆ ಕಾಡು, ನಡುವೆ ಹೊಸದಾಗಿ ಉತ್ತ ಹೊಲ, ರಾತ್ರಿಯಿಡೀ ಸುರಿದ ಮಳೆ. ಭಾರವಾದ ಉಕ್ಕಿನ ಕವಚ ತೊಟ್ಟ ಶ್ರೀಮಂತ ಯೋಧರು ಕೆಸರಿನಲ್ಲಿ ಹೂತು, ಹಿಂದಿನವರು ತಳ್ಳಿದಂತೆ ಮುಂದಿನವರ ಮೇಲೆ ಬಿದ್ದರು. ಬಾಣಗಳ ಮಳೆಗರೆದ ಬಿಲ್ಲುಗಾರರು ಆಮೇಲೆ ಬಿಲ್ಲು ಬಿಸುಟು, ಕೊಡಲಿ ಸುತ್ತಿಗೆ ಹಿಡಿದು ಅವರ ಮೇಲೆರಗಿದರು. ಎಷ್ಟೋ ಜನ ಗಾಯದಿಂದಲ್ಲ, ಉಸಿರುಗಟ್ಟಿಯೇ ಸತ್ತರು. ಫ್ರಾನ್ಸಿನ ದಂಡನಾಯಕ ಚಾರ್ಲ್ಸ್ ದಾಲ್‌ಬ್ರೆ ಸತ್ತ. ಅರಸನ ಸೋದರಳಿಯ, ಕವಿಯೂ ಆಗಿದ್ದ ಓರ್ಲಿಯನ್ಸಿನ ಡ್ಯೂಕ್ ಹೆಣಗಳ ರಾಶಿಯ ಕೆಳಗೆ ಜೀವಸಹಿತ ಸಿಕ್ಕ; ಮುಂದೆ ಇಪ್ಪತ್ತೈದು ವರ್ಷ ಇಂಗ್ಲೆಂಡಿನಲ್ಲಿ ಸೆರೆಯಾಳಾಗಿದ್ದ.

ಗೆಲುವು ಕೈಸೇರುವ ಹೊತ್ತಿಗೆ ಫ್ರೆಂಚರ ಹಿಂಪಡೆ ಮತ್ತೆ ಮೇಲೇರಿ ಬರುತ್ತಿದೆಯೆಂಬ ಸುದ್ದಿ ಬಂತು. ಸಾಮಾನು ಸರಂಜಾಮಿನ ಮೇಲೆಯೂ ದಾಳಿಯಾಗಿತ್ತು. ಶರಣಾಗಿ ಕವಚ ಕಳಚಿದ್ದ ಸೆರೆಯಾಳುಗಳು ಬೆನ್ನ ಹಿಂದೆಯೇ ಇದ್ದರು. ಅವರನ್ನು ಕೊಲ್ಲಿರೆಂದು ಹೆನ್ರಿ ಆಜ್ಞೆ ಮಾಡಿದ. ಸೆರೆಯಾಳೆಂದರೆ ಬಿಡುಗಡೆ ಹಣ. ಹಿಡಿದವರು ಕೊಲ್ಲಲು ಹಿಂಜರಿದರು. ಆಗ ಅರಸ ಇನ್ನೂರು ಬಿಲ್ಲುಗಾರರಿಗೆ ಆ ಕೆಲಸ ವಹಿಸಿದನೆಂದು ಅಂದಿನ ಲೇಖಕರು ಬರೆದಿದ್ದಾರೆ. ಹಿಂಪಡೆ ಬರಲೇ ಇಲ್ಲ. ಅಂದಿನ ಯುದ್ಧನೀತಿಯ ಪ್ರಕಾರ ಅರಸನಿಗೆ ಬೇರೆ ದಾರಿ ಇರಲಿಲ್ಲವೆಂದು ಸಮರ್ಥಿಸುವವರಿದ್ದಾರೆ. ಇರಬಹುದು. ಕೈಮುಗಿದು ಶರಣಾದವನ ಕತ್ತು ಕೊಯ್ಯುವುದನ್ನು ಯಾವ ನೀತಿಯೂ ಹಗುರ ಮಾಡಲಾರದು ಎಂದೇ ನನಗೆ ತೋರುತ್ತದೆ.

ನವೆಂಬರ್ 23ರಂದು ಲಂಡನ್ ಅವನನ್ನು ಸ್ವಾಗತಿಸಿದ ವೈಭವ ವರ್ಣಿಸಲಸದಳ. ಗೋಪುರ, ತೋರಣ, ದೇವದೂತರ ವೇಷದ ಮಕ್ಕಳ ಹಾಡು. ಅರಸ ಮಾತ್ರ ಸಾದಾ ಉಡುಪಿನಲ್ಲಿ, ನಗದೆ, ತಲೆ ತಗ್ಗಿಸಿ ಸಾಗಿದ. ಜಜ್ಜಿಹೋದ ಶಿರಸ್ತ್ರಾಣವನ್ನು ಜನರಿಗೆ ತೋರಿಸಲು ಒಪ್ಪಲಿಲ್ಲ. ಜಯ ದೇವರದು, ತನ್ನದಲ್ಲ ಎಂದನಂತೆ. ಇದು ನಟನೆಯಾಗಿರಲಿಲ್ಲ. ಆದರೆ ಜಯವೆಲ್ಲ ದೇವರದೆಂದು ನಂಬಿದವನಿಗೆ ತನ್ನ ಯುದ್ಧದ ಬಗ್ಗೆ ಸಂದೇಹ ಬರುವುದಾದರೂ ಹೇಗೆ?

ಧರ್ಮಸಭೆಗೆ ಅವನಿಂದಾದ ಒಂದು ಉಪಕಾರವನ್ನು ಇಲ್ಲಿ ನೆನೆಯಬೇಕು. 1378ರಿಂದ ಧರ್ಮಸಭೆ ಒಡೆದಿತ್ತು. 1409ರ ಬಳಿಕ ಮೂವರು ತಾವೇ ಪೋಪ್ ಎಂದು ಹೇಳಿಕೊಳ್ಳುತ್ತಿದ್ದರು. ಈ ಒಡಕನ್ನು ಸರಿಪಡಿಸಲು ಸೇರಿದ ಕಾನ್‌ಸ್ಟನ್ಸ್ ಮಹಾಸಭೆಗೆ ಹೆನ್ರಿಯ ಪ್ರತಿನಿಧಿಗಳೂ ಹೋಗಿದ್ದರು. ಸಭೆಯ ಬೆನ್ನೆಲುಬಾಗಿದ್ದ ದೊರೆ ಸಿಗಿಸ್‌ಮಂಡ್ 1416ರಲ್ಲಿ ಇಂಗ್ಲೆಂಡಿಗೇ ಬಂದು ಹೆನ್ರಿಯೊಡನೆ ಸ್ನೇಹ ಬೆಳೆಸಿದ. 1417ರ ನವೆಂಬರ್ 11ರಂದು ಐದನೆಯ ಮಾರ್ಟಿನ್ ಆಯ್ಕೆಯಾಗಿ ಧರ್ಮಸಭೆಗೆ ಮತ್ತೆ ಒಬ್ಬರೇ ಪೋಪ್ ಜಗದ್ಗುರುಗಳು ದೊರೆತರು.

ಅದೇ 1417ರಲ್ಲಿ ಹೆನ್ರಿ ಮತ್ತೆ ನಾರ್ಮಂಡಿಗೆ ಹೋದ. ಈ ಸಲ ಊರಿಂದೂರಿಗೆ, ಕೋಟೆಯಿಂದ ಕೋಟೆಗೆ. ಕಾನ್ ಪಟ್ಟಣ ಬಿದ್ದಾಗ ಅಲ್ಲಿಯ ಮಾರುಕಟ್ಟೆಯಲ್ಲಿ ಭೀಕರ ಕೊಲೆ ನಡೆಯಿತು. 1418ರ ಜುಲೈ ಕೊನೆಗೆ ಅವನ ಸೈನ್ಯ ನಾರ್ಮಂಡಿಯ ರಾಜಧಾನಿ ರುವಾನನ್ನು ಮುತ್ತಿತು. ಕೋಟೆ ಬಲವಾಗಿತ್ತು, ಗೋಡೆ ಒಡೆಯುವುದು ಕಷ್ಟ. ಹಸಿವಿನಿಂದಲೇ ಗೆಲ್ಲಲು ಹೆನ್ರಿ ನಿಶ್ಚಯಿಸಿದ. ಸೇನ್ ನದಿಗೆ ಸರಪಣಿ ಕಟ್ಟಿಸಿ ದವಸ ಬರದಂತೆ ಮಾಡಿದ. ಒಳಗಿನವರು ಕುದುರೆ ತಿಂದರು, ನಾಯಿ ಬೆಕ್ಕು ತಿಂದರು, ಇಲಿಗೂ ಬೆಲೆ ಬಂತು. ಕಡೆಗೆ ಪಟ್ಟಣದವರು ಹೋರಾಡಲಾಗದ ಬಡವರನ್ನು, ಮುದುಕರನ್ನು, ಹೆಂಗಸರು ಮಕ್ಕಳನ್ನು ಕೋಟೆಯ ಹೊರಗೆ ತಳ್ಳಿದರು. ಸುಮಾರು 12,000 ಜನರೆಂದು ಅಂದಿನ ಬರಹಗಳು ಹೇಳುತ್ತವೆ. ಹೆನ್ರಿ ಅವರನ್ನು ತನ್ನ ಸಾಲು ದಾಟಿ ಹೋಗಲು ಬಿಡಲಿಲ್ಲ. ಒಳಗಿನವರು ಬಾಗಿಲು ತೆರೆಯಲಿಲ್ಲ. ನಡುವಿನ ಕಂದಕದಲ್ಲಿ, ಚಳಿಗಾಲದ ಮಳೆಯಲ್ಲಿ, ಆ ಜನ ಹುಲ್ಲು ಬೇರು ತಿನ್ನುತ್ತ ಉಳಿದರು.

ಮುತ್ತಿಗೆಯನ್ನು ಕಣ್ಣಾರೆ ಕಂಡ ಇಂಗ್ಲಿಷ್ ಸೈನಿಕ ಜಾನ್ ಪೇಜ್ ಅದನ್ನು ಪದ್ಯದಲ್ಲಿ ಬರೆದಿಟ್ಟಿದ್ದಾನೆ. ಸತ್ತ ತಾಯಿಯ ಎದೆಗೆ ಬಾಯಿಟ್ಟ ಕೂಸುಗಳನ್ನು ಅವನು ಕಂಡ. ಆ ಕಂದಕದಲ್ಲಿಯೂ ಹೆರಿಗೆಗಳಾದವು. ಹುಟ್ಟಿದ ಮಗುವನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಗೋಡೆಯ ಮೇಲಕ್ಕೆ ಎಳೆದು, ಒಳಗೆ ಗುರುಗಳು ಜ್ಞಾನಸ್ನಾನ ಕೊಟ್ಟು, ಅದೇ ಬುಟ್ಟಿಯಲ್ಲಿ ಮತ್ತೆ ಕಂದಕಕ್ಕೆ ಇಳಿಸುತ್ತಿದ್ದರು ಎಂಬ ದಾಖಲೆಯಿದೆ. ಆತ್ಮದ ರಕ್ಷಣೆಗೆ ಹಗ್ಗವಿತ್ತು, ದೇಹದ ರಕ್ಷಣೆಗೆ ಇರಲಿಲ್ಲ. ಗೋಡೆಯ ಒಳಗಿದ್ದವರೂ ಕ್ರೈಸ್ತರೇ, ಹೊರಗಿದ್ದವರೂ ಕ್ರೈಸ್ತರೇ. ಇದನ್ನು ಓದುವ ತಾಯಂದಿರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಕ್ರಿಸ್ತಜಯಂತಿಯ ದಿನ ಹೆನ್ರಿ ಗುರುಗಳ ಕೈಯಲ್ಲಿ ಕಂದಕದವರಿಗೆ ಆಹಾರ ಕಳಿಸಿದ. ಆ ಒಂದು ದಿನ ಮಾತ್ರ. ಮರುದಿನ ಎಲ್ಲವೂ ಮೊದಲಿನಂತೆ. ಸಂಧಾನಕ್ಕೆ ಬಂದವರು ಕಂದಕದವರಿಗೆ ದಯೆ ತೋರಬೇಕೆಂದು ಬೇಡಿದಾಗ, ಅವರನ್ನು ಅಲ್ಲಿಗೆ ಹಾಕಿದವನು ತಾನಲ್ಲ ಎಂದು ಅರಸ ಉತ್ತರಿಸಿದನಂತೆ. 1419ರ ಜನವರಿ 19ರಂದು ರುವಾನ್ ಶರಣಾಯಿತು. ಮೂರು ಲಕ್ಷ ಚಿನ್ನದ ನಾಣ್ಯ ದಂಡ. ಹೆನ್ರಿ ಮೆರವಣಿಗೆಯಲ್ಲಿ ನೇರವಾಗಿ ಪ್ರಧಾನಾಲಯಕ್ಕೆ ಹೋಗಿ ದೇವರಿಗೆ ಕೃತಜ್ಞತೆ ಸಲ್ಲಿಸಿದ.

ಮುಂದಿನದು ವೇಗವಾಗಿ ನಡೆಯಿತು. 1419ರ ಸೆಪ್ಟೆಂಬರಿನಲ್ಲಿ ಬರ್ಗಂಡಿಯ ಡ್ಯೂಕ್‌ನನ್ನು ಫ್ರಾನ್ಸಿನ ಯುವರಾಜನ ಕಡೆಯವರು ಕೊಂದರು. ಸಿಟ್ಟಿಗೆದ್ದ ಬರ್ಗಂಡಿ ಹೆನ್ರಿಯ ಪಕ್ಷ ಸೇರಿತು. 1420ರ ಮೇ 21ರಂದು ಟ್ರೂವಾ ಒಪ್ಪಂದ. ಚಾರ್ಲ್ಸ್‌ನ ನಂತರ ಫ್ರಾನ್ಸ್ ಹೆನ್ರಿಗೆ. ಜೂನ್ 2ರಂದು ಚಾರ್ಲ್ಸ್‌ನ ಮಗಳು ಕ್ಯಾಥರೀನಳೊಡನೆ ಮದುವೆ. ಮದುವೆಯಾದ ಎರಡೇ ದಿನಕ್ಕೆ ಗಂಡ ಮತ್ತೆ ಮುತ್ತಿಗೆಗೆ ಹೊರಟ! 1421ರ ಡಿಸೆಂಬರ್ 6ರಂದು ವಿಂಡ್ಸರಿನಲ್ಲಿ ಗಂಡುಮಗು ಹುಟ್ಟಿದಾಗ ಹೆನ್ರಿ ಮೋ ಪಟ್ಟಣದ ಮುತ್ತಿಗೆಯಲ್ಲಿದ್ದ. ಚಳಿ, ಕೆಸರು, ಮತ್ತದೇ ಭೇದಿ. ಪಟ್ಟಣ ಬಿತ್ತು, ಅರಸನ ಆರೋಗ್ಯವೂ ಬಿತ್ತು. 1422ರ ಆಗಸ್ಟ್ 31ರಂದು ಪ್ಯಾರಿಸ್ ಬಳಿಯ ವೆನ್ಸೆನ್ ಕೋಟೆಯಲ್ಲಿ ಅವನು ಸತ್ತ. ಮಗನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಕೊನೆಯ ಗಳಿಗೆಯಲ್ಲಿ ಗುರುಗಳು ಪಶ್ಚಾತ್ತಾಪದ ಕೀರ್ತನೆಗಳನ್ನು ಓದುತ್ತಿದ್ದರು. 51ನೆಯ ಕೀರ್ತನೆಯಲ್ಲಿ ಜೆರುಸಲೇಮಿನ ಗೋಡೆಗಳನ್ನು ಕಟ್ಟುವ ಮಾತು ಬಂದಾಗ ಹೆನ್ರಿ ಓದನ್ನು ತಡೆದು, ಫ್ರಾನ್ಸಿನಲ್ಲಿ ಶಾಂತಿ ನೆಲೆಸಿದ ಮೇಲೆ ಆ ಪವಿತ್ರ ನಗರವನ್ನು ಕಟ್ಟಲು ಹೊರಡಬೇಕೆಂಬುದೇ ತನ್ನ ಉದ್ದೇಶವಾಗಿತ್ತೆಂದು ಹೇಳಿದನಂತೆ. ಪೊಳ್ಳು ಮಾತಲ್ಲ, ಪವಿತ್ರ ನಾಡಿನ ಕೋಟೆ ಬಂದರುಗಳನ್ನು ನೋಡಿ ಬರಲು ಹಿಂದಿನ ವರ್ಷವೇ ಒಬ್ಬ ನೈಟ್‌ನನ್ನು ಕಳಿಸಲಾಗಿತ್ತು. ತಂದೆ ಜೆರುಸಲೇಮ್ ಎಂಬ ಕೋಣೆಯಲ್ಲಿ, ಮಗ ಜೆರುಸಲೇಮ್ ಎಂಬ ಮಾತಿನಲ್ಲಿ ಕಣ್ಣುಮುಚ್ಚಿದರು. ಅದೇ 51ನೆಯ ಕೀರ್ತನೆಯಲ್ಲಿ ರಕ್ತಾಪರಾಧದಿಂದ ಬಿಡಿಸೆಂಬ ಮೊರೆಯೂ ಇದೆ. ಆ ಸಾಲು ಬಂದಾಗ ಅರಸ ಓದನ್ನು ತಡೆದನೆಂದು ಯಾರೂ ಬರೆದಿಲ್ಲ.

ಇನ್ನು ಐವತ್ತೊಂದು ದಿನ ಬದುಕಿದ್ದರೆ ಅವನು ಫ್ರಾನ್ಸಿನ ಅರಸನಾಗುತ್ತಿದ್ದ; ಹುಚ್ಚ ಚಾರ್ಲ್ಸ್ ಅಕ್ಟೋಬರ್ 21ರಂದು ಸತ್ತ. ಎರಡು ಕಿರೀಟಗಳೂ ಒಂದು ವರ್ಷ ತುಂಬದ ಕೂಸಿನ ತಲೆಗೆ ಬಂದವು. 1429ರಲ್ಲಿ ಜೋನ್ ಎಂಬ ಹಳ್ಳಿಯ ಹುಡುಗಿ ಫ್ರೆಂಚರನ್ನು ಎಬ್ಬಿಸಿದಳು. ಇಂಗ್ಲಿಷರು 1431ರಲ್ಲಿ ಆಕೆಯನ್ನು ಸುಟ್ಟದ್ದು ಅದೇ ರುವಾನಿನಲ್ಲಿ. 1920ರಲ್ಲಿ ಧರ್ಮಸಭೆ ಆಕೆಯನ್ನು ಸಂತಳೆಂದು ಘೋಷಿಸಿತು. 1453ರ ಹೊತ್ತಿಗೆ ಕಾಲೇ ಒಂದನ್ನು ಬಿಟ್ಟು ಫ್ರಾನ್ಸಿನಲ್ಲಿ ಗೆದ್ದದ್ದೆಲ್ಲ ಹೋಗಿತ್ತು. ಯುದ್ಧವನ್ನೇ ಬಯಸದ, ಈಟನ್ ಶಾಲೆಯನ್ನೂ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನೂ ಸ್ಥಾಪಿಸಿದ ಆ ಮಗ, ಆರನೆಯ ಹೆನ್ರಿ, ತಾಯಿಯ ಕಡೆಯ ತಾತನಂತೆಯೇ ಮತಿಭ್ರಮಣೆಗೊಳಗಾಗಿ 1471ರಲ್ಲಿ ಲಂಡನ್ ಗೋಪುರದಲ್ಲಿ ಕೊಲೆಯಾದ.

ಉಳಿದದ್ದು ಭಾಷೆ ಎನ್ನಬೇಕು. ಆಡಳಿತವೆಲ್ಲ ಲ್ಯಾಟಿನ್, ಫ್ರೆಂಚಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ 1417ರಿಂದ ಹೆನ್ರಿ ತನ್ನ ಕಾಗದಗಳನ್ನು ಇಂಗ್ಲಿಷಿನಲ್ಲಿ ಬರೆಸತೊಡಗಿದ. ಲಂಡನ್ನಿನ ಮದ್ಯ ತಯಾರಕರ ಸಂಘದವರು 1422ರ ಸುಮಾರಿಗೆ ಅರಸನೇ ಹೀಗೆ ಮಾಡುತ್ತಾನಲ್ಲ ಎಂದು ತಮ್ಮ ಲೆಕ್ಕಪತ್ರಗಳನ್ನೂ ಇಂಗ್ಲಿಷಿಗೆ ಬದಲಿಸಿಕೊಂಡರು.

ವೆಸ್ಟ್‌ಮಿನ್‌ಸ್ಟರಿನ ಅವನ ಸಮಾಧಿಯ ಮೇಲಿನ ಪ್ರತಿಮೆಗೆ ಬೆಳ್ಳಿಯ ತಲೆಯಿತ್ತು. 1546ರಲ್ಲಿ ಅದನ್ನು ಕಳ್ಳರು ಕದ್ದರು. 1971ರಲ್ಲಿ ಹೊಸ ತಲೆ ಕೂರಿಸುವವರೆಗೆ ನಾಲ್ಕು ಶತಮಾನ ಆ ವೀರ ತಲೆಯಿಲ್ಲದೆಯೇ ಮಲಗಿದ್ದ.

ಸೈಯನ್ ಮಠದ ಕಥೆ ಬೇರೆ. ಹೆನ್ರಿಯ ವಿಧವೆ ಕ್ಯಾಥರೀನ್ ಮುಂದೆ ಓವನ್ ಟ್ಯೂಡರ್‌ನನ್ನು ಕೂಡಿಕೊಂಡಳು. ಅವರ ಮೊಮ್ಮಗ ಏಳನೆಯ ಹೆನ್ರಿ, ಅವನ ಮಗ ಎಂಟನೆಯ ಹೆನ್ರಿ. ಈ ಎಂಟನೆಯವನೇ ರೋಮಿನೊಡನೆ ಸಂಬಂಧ ಕಡಿದುಕೊಂಡು ಮಠಗಳನ್ನು ಮುಚ್ಚಿಸಿದವನು. ಸೈಯನ್ನಿನ ಗುರು ರಿಚರ್ಡ್ ರೆನಾಲ್ಡ್ಸ್ 1535ರ ಮೇ 4ರಂದು ರಕ್ತಸಾಕ್ಷಿಯಾದರು. 1970ರಲ್ಲಿ ಸಂತರೆಂದು ಘೋಷಿತರಾದರು. 1539ರಲ್ಲಿ ಹೊರಹಾಕಲ್ಪಟ್ಟ ಧರ್ಮಭಗಿನಿಯರು ಒಡೆದುಹೋಗಲಿಲ್ಲ. ಊರೂರು ಅಲೆದರು. 1580ರಿಂದ ಹದಿನಾಲ್ಕು ವರ್ಷ ಅವರಿಗೆ ಆಶ್ರಯ ಕೊಟ್ಟ ಊರು ರುವಾನ್. ಅಲ್ಲಿಂದ 1594ರಲ್ಲಿ ಲಿಸ್ಬನ್. 1861ರಲ್ಲಿ ಮರಳಿ ಇಂಗ್ಲೆಂಡ್. 2011ರಲ್ಲಿ, ಉಳಿದಿದ್ದ ಕೆಲವೇ ವೃದ್ಧ ಭಗಿನಿಯರಿಂದ ನಡೆಸಲಾಗದೆ, ಡೆವನ್ನಿನಲ್ಲಿದ್ದ ಅವರ ಮಠದ ಬಾಗಿಲು ಮುಚ್ಚಿತು. ಹೆನ್ರಿ ಅದನ್ನು ಸ್ಥಾಪಿಸಿ ಆಗ 596 ವರ್ಷಗಳಾಗಿದ್ದವು.